ಬೆಕ್ಕಿನ ಜೀರ್ಣಾಂಗಗಳ ರಚನೆ ಮತ್ತು ನಮ್ಮ ಮನೆಗಳ ಹಾಲನ್ನ

ತೀರ್ಥಹಳ್ಳಿ ಓದುಗ:

ನಮ್ಮ ಕಡೆಯ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ ಕಲಸಿ ಇಡುವುದು ಹಿಂದಿನಿಂದ ಬಂದ ರೂಢಿ. ಹಿತ್ತಲ ಬಾಗಿಲ ಬಳಿ ಒಂದು ತಟ್ಟೆ, ಅದರಲ್ಲಿ ಮಧ್ಯಾಹ್ನದ ಅನ್ನ, ಮೇಲೊಂದಿಷ್ಟು ಹಾಲು ಅಥವಾ ಮಜ್ಜಿಗೆ. ಈ ತಟ್ಟೆಯ ಸುತ್ತಲೇ ಹಲವು ತಲೆಮಾರಿನ ಬೆಕ್ಕುಗಳು ಹುಟ್ಟಿ ಬೆಳೆದಿವೆ. ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಮಗಳು ತಾನು ಸಾಕಿದ ಬೆಕ್ಕಿಗೂ ಇದನ್ನೇ ಕೊಡಬಹುದೇ ಎಂದು ವಿಚಾರಿಸಿದಾಗ, ಬೆಕ್ಕು ಕಟ್ಟಾ ಮಾಂಸಾಹಾರಿ, ಅನ್ನ ಕೊಡಲೇಬಾರದು ಎಂಬ ಉತ್ತರ ಬಂದಿತು. ಹಾಗಿದ್ದರೆ ನಮ್ಮ ಹಿತ್ತಲಿನ ಬೆಕ್ಕುಗಳು ಬದುಕಿದ್ದು ಹೇಗೆ? ಬಾಯಿಯಿಂದ ಗುದದವರೆಗೆ ಬೆಕ್ಕಿನ ಜೀರ್ಣಾಂಗಗಳ ರಚನೆ ಹೇಗಿದೆ, ಆ ರಚನೆ ಯಾವ ಆಹಾರಕ್ಕೆ ಒಗ್ಗಿದೆ ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಪಶುವೈದ್ಯೆ, ಹಾಸನ:

ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಕೇಳಿದ್ದೀರಿ. ಆಹಾರದ ಪಟ್ಟಿಗಿಂತ ಮೊದಲು ಅಂಗದ ರಚನೆ ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಬಾಯಿಯಿಂದ ಆರಂಭಿಸುತ್ತೇನೆ. ಬೆಳೆದ ಬೆಕ್ಕಿಗೆ 30 ಹಲ್ಲುಗಳಿರುತ್ತವೆ, ನಾಯಿಗೆ 42. ಈ ಕೊರತೆ ಬಂದಿರುವುದು ಹೆಚ್ಚಾಗಿ ದವಡೆಯ ಹಿಂಭಾಗದಲ್ಲಿ, ಅಂದರೆ ಅರೆಯುವ ಹಲ್ಲುಗಳು ಇರಬೇಕಾದ ಜಾಗದಲ್ಲಿ. ಪ್ರತಿ ಪಕ್ಕದಲ್ಲಿ ಮೇಲೊಂದು ಕೆಳಗೊಂದು ದವಡೆಹಲ್ಲು ಮಾತ್ರ ಉಳಿದಿವೆ, ಅವುಗಳಲ್ಲಿ ಮೇಲಿನದು ತೀರಾ ಪುಟ್ಟದು. ನಿಜವಾದ ಕೆಲಸ ಮಾಡುವುದು ಮೇಲಿನ ಕೊನೆಯ ಮುಂದವಡೆ ಹಲ್ಲು ಮತ್ತು ಕೆಳಗಿನ ದವಡೆಹಲ್ಲಿನ ಜೋಡಿ. ಅವೆರಡೂ ಒಂದನ್ನೊಂದು ಸವರಿಕೊಂಡು ಹಾದುಹೋಗಿ ಮಾಂಸವನ್ನು ತುಂಡರಿಸುತ್ತವೆ. ದವಡೆಯ ಕೀಲು ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ, ಅಕ್ಕಪಕ್ಕಕ್ಕೆ ಹೆಚ್ಚು ಸರಿಯುವುದಿಲ್ಲ. ಆದುದರಿಂದ ಬೆಕ್ಕು ಅಗಿಯುವುದಿಲ್ಲ, ತುಂಡರಿಸಿ ನುಂಗುತ್ತದೆ. ನಮ್ಮ ಜೊಲ್ಲಿನಲ್ಲಿರುವ, ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಬೆಕ್ಕಿನ ಜೊಲ್ಲಿನಲ್ಲಿ ಇಲ್ಲ. ಅನ್ನದ ಅಗುಳು ಬಾಯಿಯಲ್ಲಿ ಯಾವ ಬದಲಾವಣೆಯನ್ನೂ ಕಾಣದೆ ಒಳಗೆ ಹೋಗುತ್ತದೆ.

ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಅವು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆಗಿವೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯವರು 2018ರಲ್ಲಿ ಈ ಮುಳ್ಳುಗಳ ತುದಿ ಟೊಳ್ಳಾಗಿದ್ದು, ಜೊಲ್ಲನ್ನು ಹೀರಿಕೊಂಡು ತುಪ್ಪಳದ ಬುಡದವರೆಗೆ ಒಯ್ಯುತ್ತದೆ ಎಂದು ತೋರಿಸಿದರು. ಮುಳ್ಳುಗಳ ಈ ದಿಕ್ಕಿನಿಂದ ಒಂದು ಅಪಾಯವೂ ಇದೆ: ಬಾಯಿಗೆ ಬಂದ ದಾರವನ್ನು ಬೆಕ್ಕು ಸುಲಭವಾಗಿ ಹೊರಗೆ ಉಗುಳಲಾರದು. ರುಚಿಯ ವಿಷಯದಲ್ಲಿ ಒಂದು ಮಾತು. ಸಿಹಿಯನ್ನು ಗುರುತಿಸಲು ಬೇಕಾದ ಎರಡು ಜೀನ್‌ಗಳಲ್ಲಿ ಒಂದು ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆ ಎಂಬುದು 2005ರಲ್ಲಿ ಪ್ರಕಟವಾಯಿತು. ಪಾಯಸದ ಪಾತ್ರೆಯನ್ನು ಬೆಕ್ಕು ನೆಕ್ಕಿದರೆ ಅದನ್ನು ಸೆಳೆದಿರುವುದು ಹಾಲಿನ ಕೊಬ್ಬು.

ಅನ್ನನಾಳದ ಬಗ್ಗೆ ಸಾಕುವವರಿಗೆ ಕಡ್ಡಾಯವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. ನಾಯಿಯಲ್ಲಿ ಅನ್ನನಾಳದ ಉದ್ದಕ್ಕೂ ಪಟ್ಟೆಸ್ನಾಯು ಇದೆ. ಬೆಕ್ಕಿನಲ್ಲಿ ಕೆಳಗಿನ ಸುಮಾರು ಮೂರನೇ ಒಂದು ಭಾಗ ನಿಧಾನವಾಗಿ ಸಂಕುಚಿಸುವ ನುಣುಪು ಸ್ನಾಯುವಿನದು. ನೀರಿಲ್ಲದೆ ನುಂಗಿಸಿದ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಬಹಳ ಹೊತ್ತು ನಿಂತುಬಿಡಬಹುದು. ಡಾಕ್ಸಿಸೈಕ್ಲಿನ್, ಕ್ಲಿಂಡಮೈಸಿನ್‌ನಂತಹ ಮಾತ್ರೆಗಳು ಹೀಗೆ ನಿಂತಲ್ಲಿ ಒಳಪೊರೆಯನ್ನು ಸುಟ್ಟು ಹುಣ್ಣು ಮಾಡುತ್ತವೆ. ಮಾಯುವಾಗ ಆ ಜಾಗ ಬಿಗಿದುಕೊಂಡು ಬೆಕ್ಕು ಗಟ್ಟಿ ಆಹಾರ ನುಂಗಲಾರದ ಸ್ಥಿತಿಗೆ ಬರುತ್ತದೆ. ಮಾತ್ರೆ ಕೊಟ್ಟ ಕೂಡಲೇ ಸೂಜಿ ತೆಗೆದ ಸಿರಿಂಜಿನಲ್ಲಿ 5–6 ಮಿಲಿಲೀಟರ್ ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಕುಡಿಸಬೇಕು, ಇಲ್ಲವೇ ಸ್ವಲ್ಪ ಮೆತ್ತನೆಯ ಆಹಾರವನ್ನು ತಿನ್ನಿಸಬೇಕು.

ಜಠರ ಒಂದೇ ಕೋಣೆಯದು, ಹೊಟ್ಟೆಯ ಎಡಭಾಗದಲ್ಲಿರುತ್ತದೆ. ಅದರ ಒಳಗಿನ ಆಮ್ಲ ಬಲು ತೀಕ್ಷ್ಣ. ಇದು ಚಿಕ್ಕ ಚಿಕ್ಕ ಬೇಟೆಗಳಿಗೆ ಹೊಂದಿಕೊಂಡ ಚೀಲ. ಒಂದು ಇಲಿಯಲ್ಲಿ ಸುಮಾರು 30 ಕಿಲೋಕ್ಯಾಲರಿ ಇದೆ ಎಂದುಕೊಂಡರೆ, ದಿನಕ್ಕೆ 200ರಿಂದ 250 ಕಿಲೋಕ್ಯಾಲರಿ ಬೇಕಾಗುವ ಬೆಕ್ಕು ಏಳೆಂಟು ಸಲವಾದರೂ ತಿನ್ನಬೇಕು. ಬೆಕ್ಕು ತಟ್ಟೆಯ ಬಳಿಗೆ ಮತ್ತೆ ಮತ್ತೆ ಬಂದು ಸ್ವಲ್ಪ ಸ್ವಲ್ಪವೇ ತಿನ್ನುವುದು ಇದೇ ಕಾರಣಕ್ಕೆ. ಅದನ್ನು ಬಿಂಕ ಎನ್ನಬೇಕಾಗಿಲ್ಲ.

ತೀರ್ಥಹಳ್ಳಿ ಓದುಗ:

ಬಾಯಿಯಲ್ಲಿ ಅಮೈಲೇಸ್ ಇಲ್ಲವೆಂದ ಮೇಲೆ ಅನ್ನ ಹಾಗೆಯೇ ಮಲದಲ್ಲಿ ಹೊರಬರಬೇಕಲ್ಲವೇ? ನಾನು ಹಿತ್ತಲಿನಲ್ಲಿ ಕಂಡಂತೆ ಹಾಗಾಗುವುದಿಲ್ಲ.

ಪಶುವೈದ್ಯೆ, ಹಾಸನ:

ನಿಮ್ಮ ಗಮನಿಕೆ ಸರಿಯಾಗಿದೆ. ಅಮೈಲೇಸ್ ಬಾಯಿಯಲ್ಲಿಲ್ಲ, ಆದರೆ ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಬರುತ್ತದೆ. ಅದರ ಪ್ರಮಾಣ ನಾಯಿಗೆ ಹೋಲಿಸಿದರೆ ಬಹಳ ಕಡಿಮೆ. ಹಾಗಿದ್ದರೂ ಚೆನ್ನಾಗಿ ಬೆಂದ ಅನ್ನದ ಪಿಷ್ಟವನ್ನು ಬೆಕ್ಕು ಬಹುಮಟ್ಟಿಗೆ ಜೀರ್ಣಿಸಿಕೊಳ್ಳುತ್ತದೆ. ಆದುದರಿಂದ ಅನ್ನ ಬೆಕ್ಕಿಗೆ ವಿಷ ಎಂಬ ಮಾತು ನಿಲ್ಲುವುದಿಲ್ಲ.

ತೊಂದರೆ ಇರುವುದು ಹೊಂದಾಣಿಕೆಯಲ್ಲಿ. ಪಿಷ್ಟ ಹೆಚ್ಚು ತಿಂದಂತೆ ಅದನ್ನು ಒಡೆಯುವ ಕಿಣ್ವಗಳೂ ಹೆಚ್ಚುವುದು ಮಿಶ್ರಾಹಾರಿ ಪ್ರಾಣಿಗಳಲ್ಲಿ ಸಾಮಾನ್ಯ. ಬೆಕ್ಕಿನ ಕರುಳಿನಲ್ಲಿ ಆ ಏರಿಳಿತ ಅತ್ಯಲ್ಪ. ಯಕೃತ್ತಿನ ಕಥೆಯೂ ಇದೇ. ಅಲ್ಲಿ ಪ್ರೋಟೀನನ್ನು ಒಡೆದು ಶಕ್ತಿಯಾಗಿಸುವ ಕೆಲಸ ಸದಾ ನಡೆಯುತ್ತಲೇ ಇರುತ್ತದೆ, ಆಹಾರದಲ್ಲಿ ಪ್ರೋಟೀನ್ ಕಡಿಮೆಯಾಯಿತೆಂದು ಅದು ನಿಲ್ಲುವುದಿಲ್ಲ. ತಟ್ಟೆಯಲ್ಲಿ ಬರೀ ಅನ್ನವಿದ್ದರೆ ಹೊಟ್ಟೆ ತುಂಬುತ್ತದೆ, ಆದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳತೊಡಗುತ್ತದೆ.

ಹಾಲಿನ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಮರಿಯ ಕರುಳಿನಲ್ಲಿ ಧಾರಾಳವಾಗಿದ್ದು, ಮೊಲೆ ಬಿಟ್ಟ ಮೇಲೆ ಇಳಿಯುತ್ತಾ ಹೋಗುತ್ತದೆ. ಒಂದೆರಡು ಚಮಚ ಹಾಲು ಅನೇಕ ಬೆಕ್ಕುಗಳಿಗೆ ಏನೂ ಮಾಡದು. ಬಟ್ಟಲು ತುಂಬ ಹಾಲು ಕುಡಿದ ಬೆಕ್ಕಿಗೆ ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಜಾರಿ ಅಲ್ಲಿ ಹುದುಗುತ್ತದೆ, ನೀರನ್ನು ಸೆಳೆದುಕೊಳ್ಳುತ್ತದೆ, ಭೇದಿಯಾಗುತ್ತದೆ. ಮೊಸರಿನಲ್ಲಿ ಲ್ಯಾಕ್ಟೋಸಿನ ಒಂದು ಪಾಲು ಆಗಲೇ ಆಮ್ಲವಾಗಿರುವುದರಿಂದ ಅದು ಹಾಲಿಗಿಂತ ವಾಸಿ.

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಕೊಬ್ಬನ್ನು ಅರಗಿಸಲು ಬೇಕಾದ ಪಿತ್ತಾಮ್ಲಗಳನ್ನು ಬೆಕ್ಕಿನ ಯಕೃತ್ತು ಟಾರಿನ್ ಎಂಬ ಅಮೈನೋ ಆಮ್ಲದೊಂದಿಗೆ ಮಾತ್ರ ಜೋಡಿಸುತ್ತದೆ. ಟಾರಿನ್ ಇಲ್ಲದಿದ್ದಾಗ ಗ್ಲೈಸಿನ್ ಬಳಸುವ ಬದಲಿ ದಾರಿ ಅದಕ್ಕಿಲ್ಲ. ಹೀಗೆ ಪಿತ್ತದ ಮೂಲಕ ಪ್ರತಿದಿನ ಸ್ವಲ್ಪ ಟಾರಿನ್ ಕರುಳಿಗೆ ಬಂದು ನಷ್ಟವಾಗುತ್ತದೆ, ದೇಹದಲ್ಲಿ ಅದರ ತಯಾರಿಕೆಯೋ ತೀರಾ ಅಲ್ಪ. ಕೊರತೆಯಿಂದ ಕಣ್ಣಿನ ಅಕ್ಷಿಪಟ ನಶಿಸುತ್ತದೆ ಎಂಬುದು 1975ರಲ್ಲಿಯೂ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ ಎಂಬುದು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿಯೂ ಸ್ಥಾಪಿತವಾಯಿತು. ಅಕ್ಕಿಯಲ್ಲಿ ಟಾರಿನ್ ಇಲ್ಲ, ಹಸುವಿನ ಹಾಲಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಇಲಿಯಲ್ಲಿ, ಹಕ್ಕಿಯಲ್ಲಿ, ಹಲ್ಲಿಯಲ್ಲಿ ಇದೆ. ನಿಮ್ಮ ಹಿತ್ತಲಿನ ಬೆಕ್ಕು ಮಧ್ಯಾಹ್ನ ಹಾಲನ್ನ ತಿಂದು ರಾತ್ರಿ ಅಟ್ಟದಲ್ಲಿಯೂ ಭತ್ತದ ಕಣಜದ ಬಳಿಯೂ ಇಲಿ ಹಿಡಿಯುತ್ತಿತ್ತು. ಅದನ್ನು ಸಾಕಿದ್ದು ಆ ಇಲಿಗಳು. ನಿಮ್ಮ ಮಗಳ ಬೆಕ್ಕಿಗೆ ಆರನೇ ಮಹಡಿಯಲ್ಲಿ ಆ ಎರಡನೇ ಊಟ ಸಿಗುವುದಿಲ್ಲ, ಆದುದರಿಂದ ತಟ್ಟೆಯಲ್ಲಿಯೇ ಮಾಂಸ, ಮೀನು ಅಥವಾ ಬೆಕ್ಕಿಗೆಂದೇ ತಯಾರಿಸಿದ ಸಮತೋಲಿತ ಆಹಾರ ಇರಬೇಕು.

ಕಡಲತಡಿಯ ಗೃಹಿಣಿ:

ನಮ್ಮಲ್ಲಿ ಬೂತಾಯಿ, ಬಂಗುಡೆ ಶುಚಿ ಮಾಡುವಾಗ ತಲೆ ಮತ್ತು ಕರುಳನ್ನು ಬೆಕ್ಕಿಗೆ ಹಸಿಯಾಗಿಯೇ ಹಾಕುತ್ತೇವೆ. ಕೋಳಿಯಾದರೆ ಬೇಯಿಸಿ ನೀರು ಬಸಿದು ಕೊಡುತ್ತೇವೆ. ಇವುಗಳಲ್ಲಿ ತಪ್ಪಿದೆಯೇ?

ಪಶುವೈದ್ಯೆ, ಹಾಸನ:

ಟಾರಿನ್ ನೀರಿನಲ್ಲಿ ಕರಗುತ್ತದೆ. ನೀವು ಬಸಿದು ಚೆಲ್ಲುವ ನೀರಿನಲ್ಲಿ ಅದರ ದೊಡ್ಡ ಪಾಲು ಹೋಗುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ ಆ ನೀರಿನೊಂದಿಗೇ ಕೊಡಿ, ಕೋಳಿಯ ಹೃದಯವನ್ನೂ ಸೇರಿಸಿ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುತ್ತದೆ, ಬೇಯಿಸಿದರೆ ಅದು ಅಳಿಯುತ್ತದೆ. ಎಣ್ಣೆಯಂಶದ ಮೀನೊಂದನ್ನೇ ದಿನವೂ ಕೊಡುವುದು ಬೇಡ, ಅದರಿಂದ ಇ ಜೀವಸತ್ವದ ಕೊರತೆಯಾಗಿ ದೇಹದ ಕೊಬ್ಬಿನಲ್ಲಿ ಉರಿಯೂತ ಬರಬಹುದು.

ಜೀವಶಾಸ್ತ್ರ ಶಿಕ್ಷಕ, ಗದಗ:

ಕರುಳಿನ ಉದ್ದದ ಬಗ್ಗೆ ಒಂದು ಸೇರ್ಪಡೆ. ಬೆಕ್ಕಿನ ಕರುಳು ದೇಹದ ಉದ್ದದ ನಾಲ್ಕು ಪಟ್ಟು, ನಾಯಿಯದು ಆರು ಪಟ್ಟು, ಮೊಲದ್ದು ಹತ್ತು ಪಟ್ಟು ಎಂದು ಸ್ಥೂಲವಾಗಿ ಪಾಠ ಹೇಳುತ್ತೇವೆ. ಮಾಂಸಕ್ಕೆ ಚಿಕ್ಕ ಕರುಳು ಸಾಕು, ಸೊಪ್ಪಿಗೆ ಉದ್ದನೆಯದು ಬೇಕು ಎಂಬುದು ಇದರ ಸಾರಾಂಶ. ಆದರೆ ಸಾಕುಬೆಕ್ಕಿನ ವಿಷಯದಲ್ಲಿ ಹಳೆಯ, ಆಸಕ್ತಿಕರವಾದ ಒಂದು ದಾಖಲೆ ಇದೆ. ಅಷ್ಟೇ ಗಾತ್ರದ ಕಾಡುಬೆಕ್ಕಿಗಿಂತ ಸಾಕುಬೆಕ್ಕಿನ ಕರುಳು ಅಗಲವಾಗಿಯೂ ಮೂರನೇ ಒಂದು ಪಾಲು ಉದ್ದವಾಗಿಯೂ ಇದೆ ಎಂದು 18ನೇ ಶತಮಾನದ ಫ್ರೆಂಚ್ ಅಂಗರಚನಾಕಾರ ಡೊಬಾಂಟೋನ್ ಬರೆದಿದ್ದನು. ಡಾರ್ವಿನ್ 1868ರಲ್ಲಿ ಇದನ್ನು ಉಲ್ಲೇಖಿಸಿ, ಸಾಕುಬೆಕ್ಕಿನ ಆಹಾರ ಅಷ್ಟು ಕಟ್ಟುನಿಟ್ಟಾಗಿ ಮಾಂಸದ್ದಲ್ಲದಿರುವುದೇ ಕಾರಣವಿರಬೇಕೆಂದು ಭಾವಿಸಿದನು. ಇಂದಿಗೂ ಯುರೋಪಿನಲ್ಲಿ ಸತ್ತು ಸಿಕ್ಕ ಪ್ರಾಣಿ ಕಾಡುಬೆಕ್ಕೋ ಸಾಕುಬೆಕ್ಕೋ ಎಂದು ತಿಳಿಯಲು ಕರುಳಿನ ಉದ್ದದ ಅನುಪಾತವನ್ನು ಒಂದು ಲಕ್ಷಣವಾಗಿ ಬಳಸುತ್ತಾರೆ.

ಮನುಷ್ಯನ ಕಣಜದ ಪಕ್ಕದಲ್ಲಿ ಸಾವಿರಾರು ವರ್ಷ ಬಾಳಿದ ಪ್ರಾಣಿ ಮನುಷ್ಯನ ಎಂಜಲಿಗೂ ಒಗ್ಗಿಕೊಂಡಿತು ಎಂದು ನಾವು ಹೇಳಬಾರದೇಕೆ? ಪಶುವೈದ್ಯೆಯವರು ಈ ಸಾಕ್ಷ್ಯವನ್ನು ಹೇಗೆ ನೋಡುತ್ತಾರೆ?

ಪಶುವೈದ್ಯೆ, ಹಾಸನ:

ಸಾಕ್ಷ್ಯವನ್ನು ನಾನು ಒಪ್ಪುತ್ತೇನೆ, ಅದರಿಂದ ತೆಗೆದ ತೀರ್ಮಾನವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕರುಳು ಉದ್ದವಾಯಿತು ಎಂದರೆ ಆಹಾರ ಒಳಗೆ ನಿಲ್ಲುವ ಹೊತ್ತು ಹೆಚ್ಚಿತು, ಹೀರಿಕೊಳ್ಳುವ ಮೇಲ್ಮೈ ಹೆಚ್ಚಿತು. ಬೆಂದ ಪಿಷ್ಟ ಜೀರ್ಣವಾಗುವುದಕ್ಕೆ ಇದು ನೆರವಾಗಿರಬಹುದು. ಆದರೆ ಬೇಕಾದಷ್ಟು ಟಾರಿನ್ ತಯಾರಿಸುವ ಸಾಮರ್ಥ್ಯ ಅದರಿಂದ ಬರಲಿಲ್ಲ, ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ನನ್ನು ಎ ಜೀವಸತ್ವವಾಗಿ ಮಾರ್ಪಡಿಸುವ ಸಾಮರ್ಥ್ಯವೂ ಬರಲಿಲ್ಲ. ಅಳತೆಪಟ್ಟಿಯಿಂದ ಅಳೆಯಬಹುದಾದದ್ದು ಬದಲಾಯಿತು, ಜೀವಕೋಶದ ಒಳಗಿನ ರಸಾಯನ ಕಾಡುಬೆಕ್ಕಿನದ್ದಾಗಿಯೇ ಉಳಿಯಿತು. ಆಹಾರದ ವಿಷಯವನ್ನು ತೀರ್ಮಾನಿಸುವಾಗ ನಾನು ಉದ್ದಕ್ಕಿಂತ ರಸಾಯನಕ್ಕೆ ಹೆಚ್ಚು ತೂಕ ಕೊಡುತ್ತೇನೆ.

ಮೈಸೂರು ಮಲ್ಲಿಗೆಯ ಓಣಿ:

ಮೇಲೆ ದಾರದ ಅಪಾಯವೆಂದು ಒಂದು ಸಾಲಿನಲ್ಲಿ ಹೇಳಿದ್ದೀರಿ. ನಮ್ಮ ಮನೆಯಲ್ಲಿ ಹೂ ಕಟ್ಟುವುದೇ ಕಸುಬು. ಬಾಳೆನಾರು, ಹತ್ತಿ ದಾರ, ಜರಿಯ ಎಳೆ ಎಲ್ಲವೂ ನೆಲದ ಮೇಲೆ ಇರುತ್ತವೆ, ಬೆಕ್ಕು ಅವುಗಳೊಡನೆ ಆಡುತ್ತದೆ. ನುಂಗಿದರೆ ಮಲದಲ್ಲಿ ಹೋಗುವುದಿಲ್ಲವೇ?

ಪಶುವೈದ್ಯೆ, ಹಾಸನ:

ಈ ಚರ್ಚೆಯಲ್ಲಿ ಒಂದೇ ಉತ್ತರವನ್ನು ಓದುವವರು ಇದನ್ನು ಓದಲಿ ಎಂದು ಕೇಳಿಕೊಳ್ಳುತ್ತೇನೆ.

ತುಂಡು ದಾರ ಕೆಲವೊಮ್ಮೆ ಮಲದೊಂದಿಗೆ ಹೋಗುತ್ತದೆ. ಉದ್ದನೆಯ ದಾರದ ಒಂದು ತುದಿ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ವಿಷಯವೇ ಬೇರೆ. ಸಿಕ್ಕಿಕೊಳ್ಳುವ ಜಾಗಗಳು ಮುಖ್ಯವಾಗಿ ಎರಡು: ನಾಲಿಗೆಯ ಬುಡ ಮತ್ತು ಜಠರದ ಕೊನೆಯ ಕಿರಿದಾದ ದ್ವಾರ. ಇನ್ನೊಂದು ತುದಿ ಕರುಳಿಗೆ ಇಳಿದಿರುತ್ತದೆ. ಕರುಳು ತನ್ನ ಅಲೆಯಂತಹ ಚಲನೆಯಿಂದ ಅದನ್ನು ಮುಂದೆ ತಳ್ಳಲು ನೋಡುತ್ತದೆ, ದಾರ ಬಾರದು, ಕರುಳೇ ದಾರದ ಮೇಲೆ ಹಿಂದಕ್ಕೆ ಸರಿದು ಸೀರೆಯ ನೆರಿಗೆಯಂತೆ ಮಡಿಕೆ ಬೀಳುತ್ತದೆ. ಬಿಗಿದ ದಾರ ಪ್ರತಿ ಮಡಿಕೆಯ ಒಳಬದಿಯನ್ನು ಉಜ್ಜುತ್ತಾ ಕೊಯ್ಯುತ್ತದೆ, ಒಂದೇ ದಾರ ಹಲವು ಕಡೆ ತೂತು ಮಾಡಬಹುದು. ಅಲ್ಲಿಂದ ಸೋರಿದ ಕರುಳಿನ ದ್ರವ ಹೊಟ್ಟೆಯ ಪೊರೆಗೆ ಸೋಂಕು ಹತ್ತಿಸುತ್ತದೆ.

ವಾಂತಿ, ಊಟ ಬಿಡುವುದು, ಮೂಲೆಯಲ್ಲಿ ಮುದುಡಿ ಕೂರುವುದು ಲಕ್ಷಣಗಳು. ಬೆಕ್ಕಿನ ಬಾಯಿ ತೆರೆದು, ಗದ್ದದ ಕೆಳಗಿನಿಂದ ಹೆಬ್ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಒತ್ತಿದರೆ ನಾಲಿಗೆ ಎದ್ದು ಅದರ ಬುಡ ಕಾಣುತ್ತದೆ. ಅಲ್ಲಿ ದಾರ ಕಂಡರೆ, ಅಥವಾ ಗುದದಿಂದ ದಾರದ ತುದಿ ಇಳಿಬಿದ್ದಿದ್ದರೆ, ಯಾವ ಕಾರಣಕ್ಕೂ ಎಳೆಯಬೇಡಿ. ಎಳೆದ ಗಳಿಗೆಯಲ್ಲಿಯೇ ಕರುಳು ಸೀಳಬಹುದು. ಅದೇ ದಿನ ವೈದ್ಯರ ಬಳಿ ಒಯ್ಯಿರಿ; ಬಹಳಷ್ಟು ಸಲ ಶಸ್ತ್ರಚಿಕಿತ್ಸೆಯೇ ದಾರಿ. ಹೂ ಕಟ್ಟುವ ಕೋಣೆಯ ಬಾಗಿಲನ್ನು ಬೆಕ್ಕಿಗೆ ಮುಚ್ಚಿಬಿಡಿ, ಉಳಿದ ಎಳೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ.

ಕೂದಲ ಉಂಡೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಹೊಟ್ಟೆ ಖಾಲಿಯಿದ್ದಾಗ ಉಳಿದ ಕಸವನ್ನು ಗುಡಿಸಿ ಮುಂದೂಡುವ ಪ್ರಬಲ ಅಲೆ ನಾಯಿಯಲ್ಲಿಯೂ ಮನುಷ್ಯರಲ್ಲಿಯೂ ಇದೆ, ಬೆಕ್ಕಿನಲ್ಲಿ ಅದರ ಜಾಗದಲ್ಲಿ ದುರ್ಬಲವಾದ ಬೇರೊಂದು ಬಗೆಯ ಚಲನೆ ಇದೆ. ನೆಕ್ಕಿ ನುಂಗಿದ ಕೂದಲಿನ ಹೆಚ್ಚಿನ ಪಾಲು ಮಲದಲ್ಲಿಯೇ ಹೋಗುತ್ತದೆ, ಉಳಿದದ್ದು ಜಠರದಲ್ಲಿ ಹೆಣೆದುಕೊಂಡು ಆಗೊಮ್ಮೆ ಈಗೊಮ್ಮೆ ವಾಂತಿಯಾಗುತ್ತದೆ. ಪದೇ ಪದೇ ಆಗುತ್ತಿದ್ದರೆ ಕರುಳಿನ ಕಾಯಿಲೆಯ ಸಂಶಯದಿಂದ ತಪಾಸಣೆ ಮಾಡಿಸಬೇಕು.

ಹುಬ್ಬಳ್ಳಿಯ ಬೆಕ್ಕುಪ್ರೇಮಿ:

ನಮ್ಮ ಬೆಕ್ಕಿಗೆ ಪಿತ್ತನಾಳದ ಉರಿಯೂತವೆಂದು ಹೇಳಿದ ವೈದ್ಯರು ಮೇದೋಜೀರಕ ಗ್ರಂಥಿಗೂ ಕರುಳಿಗೂ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಒಂದು ಅಂಗದ ಕಾಯಿಲೆಗೆ ಮೂರು ಅಂಗಗಳ ಪರೀಕ್ಷೆ ಏಕೆ ಬೇಕು?

ಪಶುವೈದ್ಯೆ, ಹಾಸನ:

ನಿಮ್ಮ ವೈದ್ಯರು ಬೆಕ್ಕಿನ ಅಂಗರಚನೆಯನ್ನು ನೆನಪಿಟ್ಟುಕೊಂಡೇ ಬರೆದಿದ್ದಾರೆ. ಜಠರ ದಾಟಿದ ಕೂಡಲೇ ಬರುವ ಸಣ್ಣ ಕರುಳಿನ ಮೊದಲ ಭಾಗ ಡುಯೋಡಿನಮ್. ಜಠರದ ದ್ವಾರದಿಂದ ಸುಮಾರು 3 ಸೆಂಟಿಮೀಟರ್ ಕೆಳಗೆ ಅದರ ಒಳಗೋಡೆಯಲ್ಲಿ ಒಂದು ಪುಟ್ಟ ಉಬ್ಬು ಇದೆ. ಯಕೃತ್ತಿನಿಂದ ಬರುವ ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಎರಡೂ ಬೆಕ್ಕಿನಲ್ಲಿ ಮೊದಲೇ ಕೂಡಿಕೊಂಡು ಈ ಒಂದೇ ಬಾಯಿಯಿಂದ ಕರುಳಿಗೆ ತೆರೆಯುತ್ತವೆ. ನಾಯಿಯಲ್ಲಿ ಮೇದೋಜೀರಕಕ್ಕೆ ಎರಡನೆಯ ನಾಳವೊಂದಿದ್ದು ಅದೇ ಮುಖ್ಯವಾದದ್ದು. ಬಹುಪಾಲು ಬೆಕ್ಕುಗಳಲ್ಲಿ, ಸುಮಾರು ನೂರಕ್ಕೆ ಎಂಬತ್ತರಲ್ಲಿ, ಆ ಎರಡನೆಯ ನಾಳ ಇರುವುದೇ ಇಲ್ಲ. ಜೊತೆಗೆ ಬೆಕ್ಕಿನ ಡುಯೋಡಿನಮ್‌ನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ನಾಯಿಗಿಂತ ಹೆಚ್ಚು. ಕರುಳಿನಲ್ಲಿ ಉರಿಯೂತವಿದ್ದು ವಾಂತಿಯ ಒತ್ತಡ ಬಿದ್ದಾಗ ಕರುಳಿನ ದ್ರವ ಈ ಬಾಯಿಯಿಂದ ಹಿಮ್ಮುಖವಾಗಿ ಏರಿ ಎರಡೂ ಅಂಗಗಳನ್ನು ಮುಟ್ಟಬಹುದು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಮೂರೂ ಅಂಗಗಳು ಒಟ್ಟಿಗೆ ಕೆಡುವ ಈ ಸ್ಥಿತಿಗೆ ಟ್ರಯಾಡೈಟಿಸ್ ಎಂದು ಹೆಸರು.

ಬಿ12 ಪರೀಕ್ಷೆಯನ್ನೂ ಬರೆದಿದ್ದರೆ ಅದನ್ನು ಬಿಡಬೇಡಿ. ಈ ಜೀವಸತ್ವವನ್ನು ಹೀರಿಕೊಳ್ಳಲು ಬೇಕಾದ ವಾಹಕ ಪ್ರೋಟೀನ್ ಮನುಷ್ಯರಲ್ಲಿ ಜಠರದಿಂದ ಬರುತ್ತದೆ, ಬೆಕ್ಕಿನಲ್ಲಿ ಮೇದೋಜೀರಕದಿಂದ. ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ. ಎರಡರಲ್ಲಿ ಯಾವುದು ಕೆಟ್ಟರೂ ಬಿ12 ಕುಸಿಯುತ್ತದೆ.

ಯಕೃತ್ತಿನ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಕೆಲವು ದಿನ ಏನೂ ತಿನ್ನದಿದ್ದರೆ ದೇಹದ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲಿಯೇ ಶೇಖರವಾಗುತ್ತದೆ, ಕಾಮಾಲೆಯಾಗಿ ಪ್ರಾಣಕ್ಕೆ ಕುತ್ತು ಬರುತ್ತದೆ. ಲಂಘನವೇ ಪರಮೌಷಧ ಎಂಬ ನಮ್ಮ ಮಾತನ್ನು ಬೆಕ್ಕಿಗೆ ಅನ್ವಯಿಸಬೇಡಿ. ಎರಡನೆಯದಾಗಿ, ಪ್ಯಾರಾಸಿಟಮಾಲನ್ನು ನಿರಪಾಯಕಾರಿಯಾಗಿಸುವ ಯಕೃತ್ತಿನ ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಜ್ವರವೆಂದು ಕೊಟ್ಟ 500 ಮಿಲಿಗ್ರಾಂನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲುವುದಕ್ಕೆ ಸಾಕು.

ಡಬ್ಲಿನ್ ಕನ್ನಡತಿ:

ನಾನು ಗರ್ಭಿಣಿ. ಊರಿನಿಂದ ಫೋನು ಮಾಡಿದವರೆಲ್ಲ ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಿದ್ದಾರೆ. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಕರುಳಿನಿಂದ ಮಾತ್ರವೇ ಹರಡುತ್ತದೆಯೇ?

ಜೀವಶಾಸ್ತ್ರ ಶಿಕ್ಷಕ, ಗದಗ:

ಈ ಪರಾವಲಂಬಿ ಲೈಂಗಿಕವಾಗಿ ವೃದ್ಧಿಯಾಗುವುದು ಬೆಕ್ಕಿನ ಕುಟುಂಬದ ಪ್ರಾಣಿಗಳ ಸಣ್ಣ ಕರುಳಿನಲ್ಲಿ ಮಾತ್ರ. ಏಕೆ ಎಂಬುದಕ್ಕೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2019ರಲ್ಲಿ ಸೊಗಸಾದ ಉತ್ತರ ಕೊಟ್ಟರು. ಲಿನೊಲೆಯಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಮುಂದಕ್ಕೆ ಮಾರ್ಪಡಿಸುವ ಡೆಲ್ಟಾ-6 ಡಿಸ್ಯಾಚುರೇಸ್ ಎಂಬ ಕಿಣ್ವ ಬೆಕ್ಕಿನ ಕರುಳಿನಲ್ಲಿ ಕೆಲಸ ಮಾಡುವುದಿಲ್ಲ, ಆದುದರಿಂದ ಆ ಆಮ್ಲ ಅಲ್ಲಿ ತುಂಬಿರುತ್ತದೆ. ಪರಾವಲಂಬಿಗೆ ಬೇಕಾದದ್ದು ಅದೇ. ಇಲಿಗಳಲ್ಲಿ ಆ ಕಿಣ್ವವನ್ನು ತಡೆದು, ಲಿನೊಲೆಯಿಕ್ ಆಮ್ಲವನ್ನು ತಿನ್ನಿಸಿದಾಗ ಇಲಿಯ ಕರುಳಿನಲ್ಲಿಯೂ ಅದು ಲೈಂಗಿಕ ಹಂತಕ್ಕೆ ಬಂದಿತು. ಬೆಕ್ಕಿಗೆ ಮಾಂಸದಿಂದಲೇ ಅರಾಕಿಡೊನಿಕ್ ಆಮ್ಲವೆಂಬ ಇನ್ನೊಂದು ಕೊಬ್ಬಿನಾಮ್ಲ ಸಿಗಬೇಕಾಗಿರುವುದಕ್ಕೂ ಇದೇ ಕಿಣ್ವದ ಕೊರತೆ ಕಾರಣವಾಗಿದೆ.

ಪಶುವೈದ್ಯೆ, ಹಾಸನ:

ಬೆಕ್ಕನ್ನು ಬಿಡಬೇಕಾಗಿಲ್ಲ. ಮೊದಲ ಸಲ ಸೋಂಕು ತಗುಲಿದಾಗ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಇದರ ತತ್ತಿಗಳನ್ನು ಬಿಡುತ್ತದೆ, ಆ ತತ್ತಿಗಳು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಮಲದ ತಟ್ಟೆಯನ್ನು ಮನೆಯ ಬೇರೊಬ್ಬರು ಪ್ರತಿದಿನ ಶುಚಿ ಮಾಡಲಿ. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಬೇಟೆಗೆ ಹೊರಗೆ ಬಿಡಬೇಡಿ. ಅರೆಬೆಂದ ಮಾಂಸದಿಂದಲೂ ತೊಳೆಯದ ಸೊಪ್ಪುತರಕಾರಿಯಿಂದಲೂ ಮನುಷ್ಯರಿಗೆ ಇದು ಬರುತ್ತದೆ, ಆದುದರಿಂದ ಅಡುಗೆಮನೆಯಲ್ಲಿಯೂ ಅಷ್ಟೇ ಎಚ್ಚರ ಬೇಕು. ನಿಮ್ಮ ಪ್ರಸೂತಿ ವೈದ್ಯರಿಗೆ ಮನೆಯಲ್ಲಿ ಬೆಕ್ಕಿದೆ ಎಂದು ತಿಳಿಸಿಡಿ.

ತೀರ್ಥಹಳ್ಳಿ ಓದುಗ:

ದೊಡ್ಡ ಕರುಳಿನ ಮಾತು ಇನ್ನೂ ಬಂದಿಲ್ಲ. ಮಗಳ ಬೆಕ್ಕಿಗೆ ಒಣ ಆಹಾರ ಹಾಕತೊಡಗಿದ ಮೇಲೆ ಮಲ ಗಟ್ಟಿಯಾಗಿದೆ, ಎರಡು ದಿನಕ್ಕೊಮ್ಮೆ ಹೋಗುತ್ತಿದೆಯಂತೆ.

ಪಶುವೈದ್ಯೆ, ಹಾಸನ:

ದೊಡ್ಡ ಕರುಳಿನ ಆರಂಭದಲ್ಲಿರುವ ಕುರುಡುಕರುಳು ಬೆಕ್ಕಿನಲ್ಲಿ ಅಲ್ಪವಿರಾಮದ ಆಕಾರದ, ಕೆಲವೇ ಸೆಂಟಿಮೀಟರ್ ಉದ್ದದ ಮೊಟಕು ಚೀಲ. ನಮಗಿರುವ ಅಪೆಂಡಿಕ್ಸ್ ಅದಕ್ಕಿಲ್ಲ. ಮೊಲ, ಕುದುರೆಗಳಲ್ಲಿ ನಾರನ್ನು ಹುದುಗಿಸುವ ದೊಡ್ಡ ತೊಟ್ಟಿ ಇದೇ ಅಂಗ. ಅಲ್ಲಿಂದ ಮುಂದೆ ಕರುಳು ಬಲಗಡೆ ಮೇಲೇರಿ, ಅಡ್ಡ ಹಾಯ್ದು, ಎಡಗಡೆ ಕೆಳಗಿಳಿದು ಸೊಂಟದ ಎಲುಬಿನ ಉಂಗುರದೊಳಗಿಂದ ಗುದಕ್ಕೆ ಬರುತ್ತದೆ. ಇದರ ಮುಖ್ಯ ಕೆಲಸ ನೀರನ್ನು ಹೀರಿಕೊಳ್ಳುವುದು. ಬೆಕ್ಕಿಗೆ ಬಾಯಾರಿಕೆಯ ಅರಿವು ಕಡಿಮೆ. ಬೇಟೆಯ ಮಾಂಸದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರಿರುವುದರಿಂದ ಅದಕ್ಕೆ ಬೇರೆಯಾಗಿ ಕುಡಿಯುವ ಅಗತ್ಯ ಹೆಚ್ಚು ಬೀಳುತ್ತಿರಲಿಲ್ಲ. ಒಣ ಆಹಾರದಲ್ಲಿ ನೀರು ಹತ್ತರಷ್ಟೂ ಇರುವುದಿಲ್ಲ. ಒಳಗೆ ನಿಂತ ಮಲದಿಂದ ಕರುಳು ನೀರನ್ನು ಹೀರುತ್ತಲೇ ಹೋಗುತ್ತದೆ, ಮಲ ಕಲ್ಲಾಗುತ್ತದೆ. ಇದು ಬಹುಕಾಲ ನಡೆದರೆ ಕರುಳು ಹಿಗ್ಗಿ ಸಂಕುಚಿಸುವ ಶಕ್ತಿಯನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ವಾಹನ ಬಡಿದು ಸೊಂಟದ ಎಲುಬು ಮುರಿದು ಓರೆಯಾಗಿ ಕೂಡಿಕೊಂಡ ಬೆಕ್ಕುಗಳಲ್ಲಿ ದಾರಿ ಕಿರಿದಾಗುವುದರಿಂದ ಈ ಭಯ ಹೆಚ್ಚು.

ಮಗಳಿಗೆ ಹೀಗೆ ತಿಳಿಸಿ: ದಿನದ ಆಹಾರದಲ್ಲಿ ಅರ್ಧದಷ್ಟನ್ನಾದರೂ ನೀರಿನಂಶ ಹೆಚ್ಚಿರುವ ಮೆತ್ತನೆಯ ಆಹಾರವಾಗಿ ಬದಲಿಸಲಿ, ಅಥವಾ ಬೇಯಿಸಿದ ಕೋಳಿಯನ್ನು ಅದರ ನೀರಿನೊಂದಿಗೆ ಕೊಡಲಿ. ಕೋಳಿಯೊಂದೇ ಪೂರ್ಣ ಆಹಾರವಾಗದು, ಅದರಲ್ಲಿ ಕ್ಯಾಲ್ಸಿಯಂ ಸಾಲದು, ಆದುದರಿಂದ ಸಿದ್ಧ ಆಹಾರವನ್ನು ಪೂರ್ತಿ ನಿಲ್ಲಿಸುವುದು ಬೇಡ. ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರದಲ್ಲಿ, ಮನೆಯ ಎರಡು ಮೂರು ಕಡೆ ಇಡಲಿ. ಬೆಕ್ಕು ಮಲದ ತಟ್ಟೆಯಲ್ಲಿ ಕುಳಿತು ತಿಣುಕುತ್ತಿದ್ದರೂ ಏನೂ ಹೊರಬರದಿದ್ದರೆ, ಅದರಲ್ಲೂ ಗಂಡು ಬೆಕ್ಕಾಗಿದ್ದರೆ, ಮೊದಲು ಮೂತ್ರ ಬರುತ್ತಿದೆಯೇ ಎಂದು ನೋಡಬೇಕು. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಮಲಬದ್ಧತೆಯ ಬೆಕ್ಕಿನಂತೆಯೇ ಕಾಣುತ್ತದೆ, ಅದಕ್ಕೆ ಅದೇ ದಿನ ಚಿಕಿತ್ಸೆ ಆಗಬೇಕು. ಮನುಷ್ಯರ ಎನಿಮಾ ಔಷಧಿಯನ್ನು ಮನೆಯಲ್ಲಿ ಬಳಸಬಾರದು. ಫಾಸ್ಫೇಟ್ ಇರುವ ಎನಿಮಾ ಬೆಕ್ಕಿಗೆ ಮಾರಕವಾಗಬಲ್ಲದು.

ತೀರ್ಥಹಳ್ಳಿ ಓದುಗ:

ಮಗಳಿಗೆ ಇದನ್ನೆಲ್ಲ ಓದಿ ಹೇಳಿದೆ. ಹಾಲನ್ನವನ್ನು ಸಂಪೂರ್ಣವಾಗಿ ನಿಲ್ಲಿಸಬೇಕೇ ಎಂದು ಕೇಳಿದಳು.

ಪಶುವೈದ್ಯೆ, ಹಾಸನ:

ಭೇದಿಯಾಗದಿದ್ದರೆ, ಮೀನಿನ ಅಥವಾ ಕೋಳಿಯ ಜೊತೆಗೆ ಒಂದು ಚಮಚ ಮೆತ್ತಗೆ ಬೆಂದ ಅನ್ನ, ಬೇಕಿದ್ದರೆ ಸ್ವಲ್ಪ ಮೊಸರು ಇರಲಿ. ತಟ್ಟೆಯ ಹೆಚ್ಚಿನ ಪಾಲು ಮಾಂಸದ್ದಾಗಿರಬೇಕು.